ಇನ್‌ಸ್ಟಾಗ್ರಾಂ, ವಾಟ್ಸಾಪ್, ಯೂಟ್ಯೂಬ್, ಗೂಗಲ್ ಮ್ಯಾಪ್: ಚಿಕ್ಕಮಗಳೂರಿನ ಹೊಸ ವ್ಯಾಪಾರಕ್ಕೆ ಮೊದಲು ಯಾವುದು?

ನಮ್ಮದು ಕಾಫಿಪುಡಿ ವ್ಯಾಪಾರ. ಚಿಕ್ಕಮಗಳೂರಿನಲ್ಲೇ ಹುರಿದು, ಪುಡಿ ಮಾಡಿಸಿ, ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಗೆಲ್ಲ ಕಳಿಸುತ್ತೇವೆ. ಹುರಿಯುವುದನ್ನು ಅತ್ತಿಗೆ ನೋಡಿಕೊಳ್ಳುತ್ತಾರೆ, ಫೋನು ನಾನು ನೋಡಿಕೊಳ್ಳುತ್ತೇನೆ. ಇದು ಐದನೇ ವರ್ಷ. ಈಗೀಗ ವಾರಕ್ಕೊಬ್ಬರಾದರೂ ನನ್ನನ್ನು ಹುಡುಕಿಕೊಂಡು ಬಂದು ಕೇಳುತ್ತಾರೆ. ಹೋಮ್‌ಸ್ಟೇ ಶುರು ಮಾಡಿದವರು, ಜೇನು ಮಾರುವವರು, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಏನಾದರೂ ಹೊಸದು ಮಾಡೋಣ ಅಂತ ಕೂತಿರುವ ಹುಡುಗ ಹುಡುಗಿಯರು. "ಅಕ್ಕ, ಇನ್‌ಸ್ಟಾದಲ್ಲಿ ಶುರು ಮಾಡ್ಲಾ, ಯೂಟ್ಯೂಬಾ, ಇಲ್ಲ ಸೀದಾ ದುಡ್ಡು ಕೊಟ್ಟು ಆಡ್ ಹಾಕಿಬಿಡ್ಲಾ?"

ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಆದರೆ ಎಲ್ಲರನ್ನೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ನಿಮ್ಮ ಗಿರಾಕಿ ವರ್ಷಕ್ಕೆ ಎಷ್ಟು ಸಲ ನಿಮ್ಮ ಹತ್ತಿರ ಕೊಳ್ಳುತ್ತಾರೆ?

ಕಾಫಿಪುಡಿ ಆದರೆ ತಿಂಗಳಿಗೊಮ್ಮೆ ಡಬ್ಬಿ ಖಾಲಿ ಆಗುತ್ತದೆ, ಒಬ್ಬರೇ ಗಿರಾಕಿ ವರ್ಷಕ್ಕೆ ಹನ್ನೆರಡು ಸಲ ಬರುತ್ತಾರೆ. ಹೋಮ್‌ಸ್ಟೇ ಹಾಗಲ್ಲ. ಬೆಂಗಳೂರಿನಿಂದ ಸುಮಾರು 245 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಬಂದ ಕುಟುಂಬ ಎರಡು ರಾತ್ರಿ ಇದ್ದು, ಮುಳ್ಳಯ್ಯನಗಿರಿ ಹತ್ತಿ ಇಳಿದು, ಖುಷಿಯಾಗಿಯೇ ವಾಪಸ್ ಹೋಗುತ್ತದೆ, ಆದರೆ ಮುಂದಿನ ವರ್ಷ ಅವರು ಕೊಡಗಿಗೋ ಸಕಲೇಶಪುರಕ್ಕೋ ಹೋಗುತ್ತಾರೆ. ಅದು ಅವರ ತಪ್ಪಲ್ಲ, ಪ್ರವಾಸ ಅಂದರೆ ಹಾಗೇ. ಇನ್ನು ಕೊಪ್ಪದ ಕಡೆ ನನಗೆ ಗೊತ್ತಿರುವ ಒಬ್ಬರು ಅಡಿಕೆ ಕೊಯ್ಯುವ ಫೈಬರ್ ದೋಟಿ, ಅಂದರೆ ಉದ್ದದ ಕೋಲು, ಮಾರುತ್ತಾರೆ. ಅದನ್ನು ಒಮ್ಮೆ ಕೊಂಡವರು ವರ್ಷಗಟ್ಟಲೆ ಮತ್ತೆ ಕೊಳ್ಳುವುದಿಲ್ಲ, ಆದರೆ ಕೊಳ್ಳುವ ಮೊದಲು ಹತ್ತು ಜನರನ್ನು ವಿಚಾರಿಸುತ್ತಾರೆ, ಎಷ್ಟು ಅಡಿ ಏಳುತ್ತದೆ, ಎಷ್ಟು ಭಾರ, ಮಳೆಯಲ್ಲಿ ಕೈ ಜಾರುತ್ತದಾ ಅಂತೆಲ್ಲ.

ಮೂರೂ ಇದೇ ಜಿಲ್ಲೆಯ ವ್ಯಾಪಾರ. ಆದರೆ ಮೂವರಿಗೂ ಬೇಕಾದ ದಾರಿ ಬೇರೆ ಬೇರೆ. ಈ ಮೂರನ್ನೇ ಮುಂದಿಟ್ಟುಕೊಂಡು ಹೇಳುತ್ತಾ ಹೋಗುತ್ತೇನೆ, ನಿಮ್ಮದು ಯಾವುದಕ್ಕೆ ಹತ್ತಿರ ಅಂತ ನೀವು ನೋಡಿಕೊಳ್ಳಿ.

ವಾಟ್ಸಾಪ್: ಮತ್ತೆ ಮತ್ತೆ ಕೊಳ್ಳುವ ಗಿರಾಕಿ ಇದ್ದರೆ ಇದೇ ಮೊದಲು

ವಾಟ್ಸಾಪನ್ನು ಯಾರೂ ಮಾರ್ಕೆಟಿಂಗ್ ಅಂತ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಫ್ಯಾಮಿಲಿ ಗ್ರೂಪು, ಗುಡ್ ಮಾರ್ನಿಂಗ್ ಫೋಟೋ ಅಷ್ಟೇ ಅಂದುಕೊಂಡಿರುತ್ತಾರೆ. ನಮ್ಮ ವ್ಯಾಪಾರ ನಿಂತಿರುವುದೇ ಅದರ ಮೇಲೆ.

ಮೊದಲು ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿಕೊಳ್ಳಿ. ಇದು ಭಾರತಕ್ಕೆ ಬಂದಿದ್ದು 2018ರಲ್ಲಿ. ದುಡ್ಡು ಕೊಡಬೇಕಾಗಿಲ್ಲ. ಮನೆಯ ನಂಬರ್ ಬೇಡ, ವ್ಯಾಪಾರಕ್ಕೆ ಅಂತ ಬೇರೆ ಸಿಮ್ ತೆಗೆದುಕೊಳ್ಳಿ, ಯಾಕೆಂದರೆ ನಾಳೆ ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಂಡಾಗ ಆ ಫೋನನ್ನೇ ಅವರ ಕೈಗೆ ಕೊಡಬೇಕಾಗುತ್ತದೆ. ಕ್ಯಾಟಲಾಗ್‌ನಲ್ಲಿ ನಿಮ್ಮ ಸಾಮಾನಿನ ಫೋಟೋ, ಬೆಲೆ ಹಾಕಿಡಬಹುದು. ದಿನಾ ಬರುವ ಪ್ರಶ್ನೆಗಳಿಗೆ ಉತ್ತರ ಮೊದಲೇ ಬರೆದಿಟ್ಟು ಒಂದೇ ಸಲಕ್ಕೆ ಕಳಿಸಬಹುದು. ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಲೇಬಲ್. ಒಬ್ಬೊಬ್ಬರ ಹೆಸರಿಗೂ ಒಂದು ಬಣ್ಣದ ಚೀಟಿ ಅಂಟಿಸಿದ ಹಾಗೆ ಅದು.

ಒಂದು ಉದಾಹರಣೆ ಹೇಳುತ್ತೇನೆ. ಮೈಸೂರಿನಲ್ಲಿ ನಮಗೊಬ್ಬರು ಹಿರಿಯ ಗಿರಾಕಿ ಇದ್ದಾರೆ, ರಿಟೈರ್ ಆದ ಮೇಷ್ಟ್ರು. ಟೈಪ್ ಮಾಡುವುದಿಲ್ಲ, ವಾಯ್ಸ್ ಮೆಸೇಜ್ ಕಳಿಸುತ್ತಾರೆ. "ಏನಮ್ಮಾ, ಹೋದ ಸಲದ ಪುಡಿ ಸ್ವಲ್ಪ ದಪ್ಪ ಆಗಿತ್ತು ಕಣಮ್ಮಾ. ನೀರು ಹಾಕಿದ ತಕ್ಷಣ ಡಿಕಾಕ್ಷನ್ ಸರ್ರಂತ ಇಳಿದುಬಿಡುತ್ತೆ, ಗಟ್ಟಿ ಬರೋದೇ ಇಲ್ಲ. ಈ ಸಲ ಒಂಚೂರು ನುಣ್ಣಗೆ ಮಾಡಿಸಿ ಕಳಿಸು." ನಾನು, "ಆಯ್ತು ಸರ್, ಖಂಡಿತ" ಅಂದು, ಅವರ ಹೆಸರಿಗೆ "ನುಣ್ಣಗೆ, 80-20" ಅಂತ ಲೇಬಲ್ ಹಾಕಿದೆ. 80 ಭಾಗ ಕಾಫಿ, 20 ಭಾಗ ಚಿಕೋರಿ. ಮುಂದಿನ ತಿಂಗಳು ಅವರು ಏನೂ ಹೇಳದೇ ಅದೇ ಹದದ ಪುಡಿ ಹೋಯಿತು. ಮತ್ತೊಂದು ವಾಯ್ಸ್ ಮೆಸೇಜ್ ಬಂತು: "ನೆನಪಿಟ್ಟುಕೊಂಡಿದ್ದೀಯಲ್ಲಮ್ಮಾ." ಆಮೇಲೆ ಅವರ ಬೀದಿಯಿಂದಲೇ ಇನ್ನೂ ನಾಲ್ಕು ಮನೆಯವರು ಸೇರಿಕೊಂಡರು. ಈ ಕೆಲಸ ಯಾವ ರೀಲ್ಸ್‌ನಿಂದಲೂ ಆಗುತ್ತಿರಲಿಲ್ಲ.

ತೊಂದರೆಗಳೂ ಇವೆ. ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಮಾಮೂಲಿ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಮಾತ್ರ ಸೇರಿಸಬಹುದು, ಅದೂ ಅವರ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಆಗಿದ್ದರೆ ಮಾತ್ರ ಮೆಸೇಜ್ ಹೋಗುತ್ತದೆ. ಇದು ಗೊತ್ತಿಲ್ಲದೇ ನಾನು ಮೊದಲ ಆರು ತಿಂಗಳು ಕಳಿಸಿದ್ದರಲ್ಲಿ ಅರ್ಧಕ್ಕರ್ಧ ಯಾರಿಗೂ ಮುಟ್ಟಿರಲೇ ಇಲ್ಲ. ಈಗ ಪ್ರತಿ ಪೊಟ್ಟಣದ ಒಳಗೆ ಒಂದು ಚೀಟಿ ಇಡುತ್ತೇವೆ, "ಈ ನಂಬರ್ ಸೇವ್ ಮಾಡಿಕೊಳ್ಳಿ, ಹೊಸದಾಗಿ ಹುರಿದ ದಿನ ತಿಳಿಸುತ್ತೇವೆ" ಅಂತ. ಗಿರಾಕಿಗಳನ್ನೆಲ್ಲ ಒಂದು ಗ್ರೂಪಿಗೆ ಹಾಕುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳು ಜಾಸ್ತಿ ಇರುವ ಪಟ್ಟಿಯಲ್ಲಿ ಅದು ಎಷ್ಟು ಕಿರಿಕಿರಿ ಅಂತ ನನಗೆ ಚೆನ್ನಾಗಿ ಗೊತ್ತು. ಜನ ಜಾಸ್ತಿ ಆದಾಗ ವಾಟ್ಸಾಪ್ ಚಾನೆಲ್ ಮಾಡಿ. ಅಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ.

ಮತ್ತೆ, ದಿನಾ ಕಳಿಸಬೇಡಿ. ನಾವು ತಿಂಗಳಿಗೆ ಎರಡೇ ಸಲ ಕಳಿಸುತ್ತೇವೆ. ಅದಕ್ಕಿಂತ ಜಾಸ್ತಿ ಆದರೆ ಬ್ಲಾಕ್ ಮಾಡುತ್ತಾರೆ. ತುಂಬಾ ಜನ ಬ್ಲಾಕ್ ಮಾಡಿದರೆ, ರಿಪೋರ್ಟ್ ಮಾಡಿದರೆ ನಂಬರೇ ಬಂದ್ ಆಗಬಹುದು. ನಂಬರಿನ ಜೊತೆ ವ್ಯಾಪಾರವೂ ನಿಲ್ಲುತ್ತದೆ.

ಗೂಗಲ್ ಮ್ಯಾಪ್: ಹೋಮ್‌ಸ್ಟೇಯವರು ಇದನ್ನು ಮೊದಲು ಮಾಡಿ

ಇದು ಸೋಶಿಯಲ್ ಮೀಡಿಯಾನೇ ಅಲ್ಲ ಅಂತ ನೀವು ಹೇಳಬಹುದು. ಆದರೂ ಸೇರಿಸುತ್ತಿದ್ದೇನೆ, ಯಾಕೆಂದರೆ ಇನ್‌ಸ್ಟಾಗ್ರಾಂನಲ್ಲಿ ನಿಮ್ಮ ಹೋಮ್‌ಸ್ಟೇ ನೋಡಿ ಇಷ್ಟಪಟ್ಟವರು ದುಡ್ಡು ಕಳಿಸುವ ಮೊದಲು ಗೂಗಲ್‌ನಲ್ಲಿ ಹೆಸರು ಹಾಕಿ ನೋಡುತ್ತಾರೆ. ಅಲ್ಲಿ ಏನೂ ಇಲ್ಲದಿದ್ದರೆ ಅನುಮಾನ ಬರುತ್ತದೆ. ಹೋಮ್‌ಸ್ಟೇ ಹೆಸರಿನಲ್ಲಿ ಸುಳ್ಳು ಪೇಜ್ ಮಾಡಿ ಅಡ್ವಾನ್ಸ್ ಹೊಡೆಯುವವರು ಇದ್ದಾರೆ ಅಂತ ಜನರಿಗೆ ಗೊತ್ತಾಗಿದೆ. ಹೆದರುವುದು ಸಹಜ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತ ಇದರ ಹೆಸರು. ಫ್ರೀ. ವೆರಿಫಿಕೇಶನ್‌ಗೆ ಈಗ ಎಷ್ಟೋ ಸಲ ವಿಡಿಯೋ ಕೇಳುತ್ತಾರೆ: ರಸ್ತೆ, ಬೋರ್ಡು, ಒಳಗಿನ ಜಾಗ, ನೀವೇ ಮಾಲೀಕರು ಅಂತ ತೋರಿಸುವ ಏನಾದರೂ. ತೋಟದ ಒಳಗಿರುವ ಮನೆ ಆದರೆ ಮೇನ್ ರೋಡಿನ ತಿರುವಿನಿಂದಲೇ ವಿಡಿಯೋ ಶುರು ಮಾಡಿ. ಮ್ಯಾಪ್‌ನಲ್ಲಿ ಪಿನ್ ಸರಿಯಾದ ಜಾಗದಲ್ಲಿ ಇದೆಯಾ ಅಂತ ಎರಡು ಸಲ ನೋಡಿ. ನನ್ನ ಗೆಳತಿಯೊಬ್ಬರ ಹೋಮ್‌ಸ್ಟೇ ಮೂಡಿಗೆರೆ ಕಡೆ ಇದೆ. ಅವರ ಪಿನ್ ಪಕ್ಕದ ತೋಟದ ಗೇಟಿನ ಹತ್ತಿರ ಕೂತಿತ್ತು. ಮಳೆಗಾಲದ ರಾತ್ರಿ, ನೆಟ್‌ವರ್ಕ್ ಇಲ್ಲ, ಮಕ್ಕಳನ್ನು ಕೂರಿಸಿಕೊಂಡು ಬಂದವರು ಬೇರೆ ಯಾರದೋ ಗೇಟಿನ ಮುಂದೆ ಒಂದು ಗಂಟೆ ನಿಂತಿದ್ದರು. ರೂಮು, ಊಟ ಎಷ್ಟು ಚೆನ್ನಾಗಿದ್ದರೇನು, ಅವರು ಬರೆದ ರಿವ್ಯೂ ಶುರುವಾಗಿದ್ದೇ ಆ ಒಂದು ಗಂಟೆಯಿಂದ.

ರಿವ್ಯೂ ಬರೆದರೆ ಡಿಸ್ಕೌಂಟ್ ಕೊಡುತ್ತೇವೆ ಅನ್ನಬೇಡಿ, ಅದು ಗೂಗಲ್ ನಿಯಮಕ್ಕೆ ವಿರುದ್ಧ. ಹೊರಡುವಾಗ ಬಾಯಿ ಮಾತಲ್ಲಿ ಕೇಳಿದರೆ ಸಾಕು, ಅಕ್ಕಿ ರೊಟ್ಟಿ, ಕಡುಬು ತಿಂದು ಖುಷಿಯಾದವರು ಬರೆಯುತ್ತಾರೆ. ಬೈದು ಬರೆದವರಿಗೂ ಉತ್ತರ ಕೊಡಿ. ಜಗಳ ಬೇಡ. ಏನಾಯಿತು, ಏನು ಸರಿಮಾಡಿದಿರಿ ಅಂತ ಎರಡು ಸಾಲು ಬರೆಯಿರಿ. ಆ ಉತ್ತರವನ್ನು ಓದುವುದು ಬೈದವರಿಗಿಂತ ಜಾಸ್ತಿ, ಮುಂದೆ ಬರಬೇಕು ಅಂತಿರುವವರು.

ನಮ್ಮಂಥ ಕಾಫಿಪುಡಿಯವರಿಗೆ ಗೂಗಲ್ ಎರಡನೇ ಸ್ಥಾನ. ಊರಿಗೆ ಬಂದವರು ವಾಪಸ್ ಹೋಗುವಾಗ "ಹತ್ತಿರದಲ್ಲಿ ಕಾಫಿಪುಡಿ" ಅಂತ ಹುಡುಕುತ್ತಾರೆ, ಆಗ ಸಿಕ್ಕರೆ ಆಯಿತು. ಅಂಗಡಿ ಇಲ್ಲದೇ ಮನೆಯಿಂದ ಮಾರುವವರಿಗೆ ಇದರಿಂದ ಅಂಥ ಲಾಭ ಇಲ್ಲ.

ಇನ್‌ಸ್ಟಾಗ್ರಾಂ: ಊರು ಚೆನ್ನಾಗಿದೆ ಅಂತ ವ್ಯಾಪಾರ ಆಗುವುದಿಲ್ಲ

ನಮ್ಮೂರಿನವರಿಗೆ ಇನ್‌ಸ್ಟಾಗ್ರಾಂ ಸುಲಭ ಅನ್ನಿಸುತ್ತದೆ. ಕಿಟಕಿ ತೆಗೆದರೆ ಮಂಜು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಒಂದು ವಾರ, ಹತ್ತು ದಿನಕ್ಕೆ ಕಾಫಿ ಹೂ ಅರಳಿ ತೋಟ ಪೂರ್ತಿ ಬೆಳ್ಳಗೆ, ಮಲ್ಲಿಗೆಯ ಥರ ಪರಿಮಳ. ನವೆಂಬರ್‌ನಿಂದ ಕೆಂಪು ಹಣ್ಣು, ಕಣದ ತುಂಬಾ ಹರಡಿದ ಕಾಫಿ. ಫೋನ್ ಹಿಡಿದರೆ ಸಾಕು, ವಿಡಿಯೋ ಆಗುತ್ತದೆ.

ಕಷ್ಟ ಇರುವುದೂ ಅಲ್ಲೇ. ಎಲ್ಲರೂ ಅದನ್ನೇ ಹಾಕುತ್ತಾರೆ. ನಾವು ಎರಡನೇ ವರ್ಷ ಕಾಫಿ ಹೂವಿನ ಒಂದು ರೀಲ್ ಹಾಕಿದೆವು. ಲಕ್ಷಕ್ಕಿಂತ ಜಾಸ್ತಿ ಜನ ನೋಡಿದರು. ಮನೆಯಲ್ಲಿ ಹಬ್ಬ. ಆದರೆ ಆ ವಾರ ಅದರಿಂದ ಬಂದ ಆರ್ಡರ್ ಮೂರು. ಕಾಮೆಂಟ್ ತುಂಬಾ "ಇದು ಎಲ್ಲಿ, ಟಿಕೆಟ್ ಎಷ್ಟು" ಅಂತ. ಅವರಿಗೆ ಬೇಕಾಗಿದ್ದು ತೋಟ, ಪುಡಿ ಅಲ್ಲ. ಅದೇ ರೀಲನ್ನು ಒಂದು ಹೋಮ್‌ಸ್ಟೇಯವರು ಹಾಕಿದ್ದರೆ ಅವರ ರೂಮುಗಳು ತುಂಬಿಹೋಗುತ್ತಿದ್ದವು!

ನಮಗೆ ಆರ್ಡರ್ ತಂದ ರೀಲ್ ಯಾವುದು ಗೊತ್ತಾ? ಅತ್ತಿಗೆ ಹುರಿಯುವಾಗ ತೆಗೆದಿದ್ದು. ಹಾಡಿಲ್ಲ, ಏನಿಲ್ಲ. ಬೀಜ ಹಸಿರಿನಿಂದ ಹಳದಿಗೆ, ಹಳದಿಯಿಂದ ಕಂದು ಬಣ್ಣಕ್ಕೆ ತಿರುಗಿ, ಚಟ್ ಚಟ್ ಅಂತ ಸಿಡಿಯಲು ಶುರುವಾಗುತ್ತದೆ. ಅತ್ತಿಗೆ ಸೌಟಿನಲ್ಲಿ ಸ್ವಲ್ಪ ತೆಗೆದು ಮೂಗಿನ ಹತ್ತಿರ ಹಿಡಿದು, "ಇನ್ನೊಂದು ನಿಮಿಷ" ಅನ್ನುತ್ತಾರೆ. ಆಮೇಲೆ ಹೊರಗೆ ಸುರಿದು ಆರಿಸುತ್ತಾರೆ, ಹೊಗೆ ಏಳುತ್ತದೆ. ಅಷ್ಟೇ. ಕೊನೆಯಲ್ಲಿ ನಾನು ಚಿಕೋರಿ ಬಗ್ಗೆ ಎರಡು ಮಾತು ಹೇಳಿದೆ: ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕಡಿಮೆ ಅಂದರೂ ಶೇ 51 ಇರಲೇಬೇಕು, ಎಷ್ಟೆಷ್ಟು ಅಂತ ಪೊಟ್ಟಣದ ಮೇಲೆ ಬರೆದಿರಬೇಕು, ನಿಮ್ಮ ಮನೆಯ ಪೊಟ್ಟಣ ಈಗಲೇ ತಿರುಗಿಸಿ ನೋಡಿ ಅಂತ. ಎಷ್ಟೋ ಜನ ನಿಜವಾಗಿಯೂ ತಿರುಗಿಸಿ ನೋಡಿ, ಫೋಟೋ ಕಳಿಸಿ, "ಅಯ್ಯೋ ಮೇಡಂ, ನಮ್ಮದರಲ್ಲಿ 53-47 ಇದೆ" ಅಂತ ಬರೆದರು. ನೋಡಿದವರು ಹೂವಿನ ರೀಲ್‌ನ ಹತ್ತನೇ ಒಂದು ಭಾಗ ಇರಬಹುದು. ಆರ್ಡರ್ ಮಾತ್ರ ಎರಡು ವಾರ ನಿಲ್ಲಲಿಲ್ಲ.

ಹಾಗಾಗಿ ಇನ್‌ಸ್ಟಾಗ್ರಾಂನಲ್ಲಿ ಊರು ತೋರಿಸುವುದಾ, ಕೆಲಸ ತೋರಿಸುವುದಾ ಅಂತ ಮೊದಲು ತೀರ್ಮಾನ ಮಾಡಿ. ಹೋಮ್‌ಸ್ಟೇ ಆದರೆ ಊರು. ಸಾಮಾನು ಮಾರುವವರಾದರೆ ಕೆಲಸ.

ಸಿನಿಮಾ ಹಾಡು ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಬಿಸಿನೆಸ್ ಅಕೌಂಟ್‌ಗೆ ಆ ಹಾಡುಗಳೆಲ್ಲ ಸಿಗುವುದಿಲ್ಲ, ಹೇಗೋ ಮಾಡಿ ಹಾಕಿದರೆ ಮ್ಯೂಟ್ ಆಗಬಹುದು, ಹಾಡಿನ ಹಕ್ಕಿನವರು ನೋಟಿಸ್ ಕಳಿಸಲೂಬಹುದು. ಹುರಿಯುವ ಸದ್ದು, ಮಳೆಯ ಸದ್ದು, ನಿಮ್ಮ ಸ್ವಂತ ದನಿ ಇದೆಯಲ್ಲ, ಅದನ್ನೇ ಹಾಕಿ. ಕ್ಯಾಪ್ಶನ್‌ನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಅದಕ್ಕೆ ವಾಟ್ಸಾಪ್ ಲಿಂಕನ್ನು ಬಯೋದಲ್ಲಿ, ಅಂದರೆ ಪ್ರೊಫೈಲ್‌ನಲ್ಲಿ ಪರಿಚಯ ಬರೆಯುವ ಜಾಗದಲ್ಲಿ ಇಡಿ.

ಇನ್ನೊಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಇನ್‌ಸ್ಟಾಗ್ರಾಂ ಒಂದನ್ನೇ ನಂಬಿ ವ್ಯಾಪಾರ ಕಟ್ಟಬೇಡಿ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧ ಆಯಿತು. ಅದರಲ್ಲಿ ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರ ಕೈಯಲ್ಲಿ ಮಾರನೇ ದಿನ ಏನೂ ಉಳಿಯಲಿಲ್ಲ. ಇನ್‌ಸ್ಟಾಗ್ರಾಂನ ರೀಲ್ಸ್ ನಮ್ಮ ದೇಶಕ್ಕೆ ಬಂದಿದ್ದೇ ಅದರ ಮುಂದಿನ ತಿಂಗಳು. ಅಕೌಂಟ್ ಹ್ಯಾಕ್ ಆಗಿ ಕಳೆದುಕೊಂಡವರೂ ನಮ್ಮೂರಲ್ಲೇ ಇದ್ದಾರೆ. ಫಾಲೋವರ್ಸ್ ಇರುವುದು ಆ ಕಂಪನಿಯ ಹತ್ತಿರ, ಗಿರಾಕಿಯ ಫೋನ್ ನಂಬರ್ ಇರುವುದು ನಿಮ್ಮ ಹತ್ತಿರ. ಅದಕ್ಕೇ ರೀಲ್ ನೋಡಿ ಬಂದವರನ್ನು ನಾನು ವಾಟ್ಸಾಪ್‌ಗೆ ಕರೆಯುವುದು.

ಯೂಟ್ಯೂಬ್: ದೋಟಿ ಮಾರುವವರ ದಾರಿ

ಕೊಪ್ಪದವರ ವಿಷಯಕ್ಕೆ ಬರೋಣ. ಅವರು ಮೊದಲು ಇನ್‌ಸ್ಟಾಗ್ರಾಂನಲ್ಲೇ ಒದ್ದಾಡಿದರು. ದೋಟಿಯ ಫೋಟೋಗೆ ಯಾರು ಲೈಕ್ ಕೊಡುತ್ತಾರೆ? ಆಮೇಲೆ ಯೂಟ್ಯೂಬ್‌ಗೆ ಬಂದು ಹದಿನೈದು ನಿಮಿಷದ ಒಂದು ವಿಡಿಯೋ ಮಾಡಿದರು. ಅವರ ಸ್ವಂತ ತೋಟದಲ್ಲಿ, ಕೊನೆ (ಅಡಿಕೆ ಗೊನೆ) ತೆಗೆಯುವವರೊಬ್ಬರ ಕೈಗೆ ದೋಟಿ ಕೊಟ್ಟು, ಉದ್ದ ಮಾಡುವುದು ಹೇಗೆ, ಕತ್ತಿ ಕೂರಿಸುವುದು ಹೇಗೆ, ಗಾಳಿ ಬಂದಾಗ ಎಷ್ಟು ಬಾಗುತ್ತದೆ, ಕೊನೆಯನ್ನು ನೆಲಕ್ಕೆ ಬೀಳಿಸದೇ ಹಗ್ಗದಲ್ಲಿ ಇಳಿಸುವುದು ಹೇಗೆ, ಎಲ್ಲಾ ತೋರಿಸಿದರು. ಎಲ್ಲಿ ಕಷ್ಟ ಆಗುತ್ತದೆ ಅನ್ನುವುದನ್ನೂ ಮುಚ್ಚಿಡಲಿಲ್ಲ: ತುಂಬಾ ಎತ್ತರದ ಮರದಲ್ಲಿ ಕತ್ತು ನೋಯುತ್ತದೆ, ಮೊದಲ ವಾರ ಕೈ ಕೂರುವುದಿಲ್ಲ ಅಂತ.

ಆ ವಿಡಿಯೋ ಮಾಡಿ ಎರಡು ವರ್ಷದ ಮೇಲಾಯಿತು. ಈಗಲೂ ಶಿರಸಿಯಿಂದ, ತೀರ್ಥಹಳ್ಳಿಯಿಂದ, ಪುತ್ತೂರಿನಿಂದ ಫೋನ್ ಬರುತ್ತದೆ. ಇನ್‌ಸ್ಟಾಗ್ರಾಂಗೂ ಯೂಟ್ಯೂಬ್‌ಗೂ ದೊಡ್ಡ ವ್ಯತ್ಯಾಸ ಇದೇ. ರೀಲ್ ಓಡಿದರೆ ಕೆಲವು ದಿನ, ಆಮೇಲೆ ಅದನ್ನು ಕೇಳುವವರು ಕಡಿಮೆ. ಯೂಟ್ಯೂಬ್‌ನಲ್ಲಿ ಜನ ಹುಡುಕುತ್ತಾರೆ. "ಅಡಿಕೆ ದೋಟಿ ಬೆಲೆ" ಅಂತ ಯಾರಾದರೂ ಟೈಪ್ ಮಾಡುವವರೆಗೆ ಆ ವಿಡಿಯೋ ಕಾಯುತ್ತಾ ಇರುತ್ತದೆ. ಅದಕ್ಕೆ ಟೈಟಲ್‌ನಲ್ಲಿ ಕವಿತೆ ಬೇಡ, ಜನ ಕೇಳುವ ಪ್ರಶ್ನೆಯನ್ನೇ ಕನ್ನಡದಲ್ಲಿ ಹಾಗೇ ಬರೆಯಿರಿ.

ಹಾಕುವ ಹೊತ್ತೂ ಮುಖ್ಯ. ಮಳೆಗಾಲ ಶುರುವಾಗುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ, ಆಗ ಸ್ಪ್ರೇ ಮಾಡುವ ದೋಟಿಯ ವಿಡಿಯೋ. ಕೊಯ್ಲಿಗೆ ಒಂದೂವರೆ ತಿಂಗಳ ಮೊದಲು ಕೊಯ್ಲಿನ ವಿಡಿಯೋ. ಕೊಯ್ಲು ಶುರುವಾದ ಮೇಲೆ ಹಾಕಿದರೆ ಯಾರಿಗೂ ನೋಡಲು ಪುರುಸೊತ್ತು ಇರುವುದಿಲ್ಲ.

ಯೂಟ್ಯೂಬ್‌ನಿಂದಲೇ ದುಡ್ಡು ಬರುತ್ತದಲ್ವಾ ಅಂತ ಕೇಳುವವರಿಗೆ: ಜಾಹೀರಾತಿನ ಪಾಲು ಸಿಗಬೇಕಾದರೆ 1000 ಸಬ್‌ಸ್ಕ್ರೈಬರ್ಸ್, ಜೊತೆಗೆ ಒಂದು ವರ್ಷದಲ್ಲಿ ಜನ ನೋಡಿದ 4000 ಗಂಟೆ ಆಗಬೇಕು, ಇಲ್ಲ ಶಾರ್ಟ್ಸ್‌ನಲ್ಲಿ 90 ದಿನಕ್ಕೆ 1 ಕೋಟಿ ವೀಕ್ಷಣೆ. ವ್ಯಾಪಾರ ಮಾಡುವವರು ಇದರ ಹಿಂದೆ ಬೀಳಬೇಡಿ. ದೋಟಿಯವರಿಗೆ ಒಂದು ದೋಟಿ ಮಾರಿದರೆ ಸಿಗುವ ಲಾಭ ಅದಕ್ಕಿಂತ ಎಷ್ಟೋ ಪಾಲು. ಶಾರ್ಟ್ಸ್ ಈಗ ಮೂರು ನಿಮಿಷದವರೆಗೆ ಮಾಡಬಹುದು, ಇನ್‌ಸ್ಟಾಗ್ರಾಂಗೆ ಮಾಡಿದ ರೀಲನ್ನೇ ಅಲ್ಲೂ ಹಾಕಿಬಿಡಿ, ಬೇರೆ ಕೆಲಸ ಇಲ್ಲ.

ಫೇಸ್‌ಬುಕ್, ಲಿಂಕ್ಡ್‌ಇನ್

ಫೇಸ್‌ಬುಕ್ ಹಳೆಯದಾಯಿತು ಅಂತ ಹುಡುಗರು ಮೂಗು ಮುರಿಯುತ್ತಾರೆ. ನಮ್ಮ ಬೆಳೆಗಾರರು, ನಲವತ್ತೈದು ದಾಟಿದವರು ಇನ್ನೂ ಅಲ್ಲೇ ಇದ್ದಾರೆ. ಕಾಫಿ, ಮೆಣಸು, ಅಡಿಕೆ ಬಗ್ಗೆ ಮಾತಾಡುವ ಗ್ರೂಪುಗಳಿವೆ. ತೋಟಕ್ಕೆ ಬೇಕಾದ ಸಾಮಾನು ಮಾರುವವರಾದರೆ ಅಲ್ಲಿ ಇರಿ. ಆದರೆ ಗ್ರೂಪಿಗೆ ಹೋದ ತಕ್ಷಣ ಬೆಲೆಪಟ್ಟಿ ಹಾಕಬೇಡಿ. ಎರಡು ತಿಂಗಳು ಜನರ ಪ್ರಶ್ನೆಗೆ ಗೊತ್ತಿದ್ದಷ್ಟು ಉತ್ತರ ಕೊಡಿ, ಆಮೇಲೆ ಅವರೇ ಕೇಳುತ್ತಾರೆ, "ನೀವೇನು ಮಾಡ್ಕೊಂಡಿದೀರಿ ಅಣ್ಣ?" ಅಂತ.

ಲಿಂಕ್ಡ್‌ಇನ್ ಬೇಕಾಗುವುದು ಒಂದೇ ಸಂದರ್ಭದಲ್ಲಿ: ನೀವು ಕೆಫೆಗಳಿಗೆ, ಆಫೀಸುಗಳಿಗೆ, ಹೊರದೇಶದ ರೋಸ್ಟರ್‌ಗಳಿಗೆ (ಕಾಫಿ ಹುರಿದು ಮಾರುವವರಿಗೆ) ಮೂಟೆ ಲೆಕ್ಕದಲ್ಲಿ ಕಾಫಿ ಮಾರುತ್ತೀರಿ ಅಂದರೆ. ಅಂಥವರಿಗೆ ಇನ್‌ಸ್ಟಾಗ್ರಾಂಗಿಂತ ಇದೇ ವಾಸಿ. ಉಳಿದವರು ತಲೆ ಕೆಡಿಸಿಕೊಳ್ಳಬೇಡಿ.

ದುಡ್ಡು ಕೊಡುವುದಾದರೆ: ಆಡ್, ಇನ್‌ಫ್ಲುಯೆನ್ಸರ್, ಏಜೆನ್ಸಿ

ಮೂರಕ್ಕೂ ನಾನು ದುಡ್ಡು ಕೊಟ್ಟಿದ್ದೇನೆ.

ಮೊದಲು ಏಜೆನ್ಸಿ. ಮೂರನೇ ವರ್ಷ ಒಂದು ಕಂಪನಿಯವರು ಬಂದು, ಮೂರು ತಿಂಗಳಲ್ಲಿ ಹತ್ತು ಸಾವಿರ ಫಾಲೋವರ್ಸ್ ಮಾಡಿಕೊಡುತ್ತೇವೆ ಅಂದರು. ಮಾಡಿಯೂ ಕೊಟ್ಟರು. ಆದರೆ ಹೊಸದಾಗಿ ಬಂದವರ ಪ್ರೊಫೈಲ್ ತೆಗೆದು ನೋಡಿದರೆ ಫೋಟೋ ಇಲ್ಲ, ಪೋಸ್ಟ್ ಇಲ್ಲ, ಹೆಸರು ಅಂದರೆ ಬರೀ ಅಕ್ಷರ ಮತ್ತು ನಂಬರು. ಒಬ್ಬರೂ ಕಾಫಿ ಕುಡಿಯುವವರಲ್ಲ, ಮನುಷ್ಯರೇ ಹೌದೋ ಅಲ್ಲವೋ. ಕೆಟ್ಟದ್ದು ಏನೆಂದರೆ, ಅದಾದ ಮೇಲೆ ನಮ್ಮ ನಿಜವಾದ ಗಿರಾಕಿಗಳಿಗೇ ನಮ್ಮ ಪೋಸ್ಟ್ ಕಾಣುವುದು ಕಡಿಮೆ ಆಯಿತು. ಹಾಕಿದ ಪೋಸ್ಟನ್ನು ಯಾರೂ ಮುಟ್ಟದಿದ್ದರೆ ಇನ್‌ಸ್ಟಾಗ್ರಾಂ ಅದನ್ನು ಮುಂದೆ ತಳ್ಳುವುದಿಲ್ಲ. ಆ ಅಕೌಂಟುಗಳನ್ನು ಒಂದೊಂದಾಗಿ ತೆಗೆಯಲು ನನಗೆ ಮಳೆಗಾಲ ಪೂರ್ತಿ ಹಿಡಿಯಿತು. ಫಾಲೋವರ್ಸ್ ಲೆಕ್ಕ ಹೇಳುವ ಏಜೆನ್ಸಿ ಬೇಡ. "ತಿಂಗಳಿಗೆ ಎಷ್ಟು ಜನ ವಾಟ್ಸಾಪ್‌ಗೆ ಬರುತ್ತಾರೆ" ಅಂತ ಕೇಳಿ, ಅದಕ್ಕೆ ಸರಿಯಾಗಿ ಮಾತಾಡುವವರು ಸಿಕ್ಕರೆ ನೋಡಿ. ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬೇಡಿ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಬಿಸಿನೆಸ್ ಸೆಟ್ಟಿಂಗ್ಸ್‌ನಲ್ಲಿ ಅವರಿಗೆ ಬೇಕಾದಷ್ಟೇ ಅನುಮತಿ ಕೊಡಲು ಬರುತ್ತದೆ.

ಇನ್‌ಫ್ಲುಯೆನ್ಸರ್ ಹೋಮ್‌ಸ್ಟೇಯವರಿಗೆ ಕೆಲಸಕ್ಕೆ ಬರುತ್ತಾರೆ, ನಮ್ಮಂಥವರಿಗೆ ಅಷ್ಟಕ್ಕಷ್ಟೆ. ದೊಡ್ಡ ಹೆಸರಿನವರಿಗಿಂತ, ಕನ್ನಡದಲ್ಲಿ ಪ್ರವಾಸದ ಬಗ್ಗೆ, ಅಡುಗೆ ಬಗ್ಗೆ ಮಾತಾಡುವ ಚಿಕ್ಕ ಅಕೌಂಟಿನವರನ್ನು ನೋಡಿ. ಅವರ ಕಾಮೆಂಟುಗಳನ್ನು ಓದಿ. ಬರೀ ಹಾರ್ಟ್, ಬೆಂಕಿ ಗುರುತು ಇದೆಯಾ, ಇಲ್ಲ ಜನ ನಿಜವಾಗಿ ಪ್ರಶ್ನೆ ಕೇಳುತ್ತಿದ್ದಾರಾ? ಅದರಲ್ಲೇ ಎಲ್ಲ ತಿಳಿಯುತ್ತದೆ. ವಾರದ ಮಧ್ಯೆ ಖಾಲಿ ಇರುವ ರೂಮು ಕೊಟ್ಟು ಕರೆಸಿದರೂ ಅದು ಜಾಹೀರಾತೇ. ದುಡ್ಡಾಗಲಿ, ಫ್ರೀ ರೂಮಾಗಲಿ ಪಡೆದಿದ್ದರೆ ಅದನ್ನು ವಿಡಿಯೋದಲ್ಲಿ ಸ್ಪಷ್ಟವಾಗಿ ಹೇಳಬೇಕು ಅಂತ ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಮಾರ್ಗಸೂಚಿ ತಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ. ಹಾಗೇ ಇನ್ನೊಂದು: "ಚಿಕ್ಕಮಗಳೂರು ಅರೇಬಿಕಾ", "ಬಾಬಾಬುಡನ್‌ಗಿರಿ ಅರೇಬಿಕಾ" ಎರಡಕ್ಕೂ 2019ರಲ್ಲಿ ಜಿಐ ಟ್ಯಾಗ್, ಅಂದರೆ ಆ ಜಾಗದ ಹೆಸರಿಗೆ ಸಿಗುವ ಭೌಗೋಳಿಕ ಗುರುತು, ಸಿಕ್ಕಿದೆ. ಬೀಜ ನಮ್ಮೂರದ್ದು ಅಂದ ಮಾತ್ರಕ್ಕೆ ಜಿಐ ಗುರುತು ಹಾಕಿಕೊಂಡು ಪೋಸ್ಟ್ ಮಾಡಬೇಡಿ, ಅದಕ್ಕೆ ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಬೇಕು.

ಕೊನೆಗೆ ಆಡ್. ಪೋಸ್ಟಿನ ಕೆಳಗೆ ಬೂಸ್ಟ್ ಬಟನ್ ಕಾಣುತ್ತದಲ್ಲ, ಅದನ್ನು ಸುಮ್ನೆ ಒತ್ತಬೇಡಿ. ಅದರಲ್ಲಿ ಆಯ್ಕೆಗಳು ಕಡಿಮೆ. ಕಂಪ್ಯೂಟರ್‌ನಲ್ಲಿ ಮೆಟಾದ ಆಡ್ಸ್ ಮ್ಯಾನೇಜರ್ ತೆಗೆದರೆ ಯಾವ ಊರು, ಎಷ್ಟು ಕಿಲೋಮೀಟರ್ ಸುತ್ತ, ಯಾವ ವಯಸ್ಸು ಅಂತ ನೀವೇ ಹೇಳಬಹುದು, ಒತ್ತಿದರೆ ಸೀದಾ ವಾಟ್ಸಾಪ್ ತೆರೆಯುವ ಹಾಗೆ ಮಾಡಬಹುದು. ನಮಗೆ ಚೆನ್ನಾಗಿ ಆಗಿದ್ದು ಇದೇ. ಮೈಸೂರಿನ ಮೇಷ್ಟ್ರ ಬಡಾವಣೆಯ ಸುತ್ತ ನಾಲ್ಕು ಕಿಲೋಮೀಟರ್‌ಗೆ ಮಾತ್ರ, ಹುರಿಯುವ ವಿಡಿಯೋವನ್ನೇ ಆಡ್ ಮಾಡಿ ಹಾಕಿದೆವು. ಅಲ್ಲಿ ಮೊದಲೇ ಐದು ಮನೆಯಲ್ಲಿ ನಮ್ಮ ಪುಡಿ ಇತ್ತು. ಜನ ಪಕ್ಕದ ಮನೆಯವರನ್ನು ಕೇಳಿ, ಆರ್ಡರ್ ಕೊಟ್ಟರು. ಬೆಂಗಳೂರು ಪೂರ್ತಿಗೆ ಹಾಕಿದ್ದು ಮಾತ್ರ ದುಡ್ಡು ಸುರಿದ ಹಾಗಾಯಿತು. ಖರ್ಚಿನ ಮೇಲೆ ಶೇ 18 ಜಿಎಸ್‌ಟಿ ಬೇರೆ ಇದೆ, ಲೆಕ್ಕ ಹಾಕುವಾಗ ಮರೆಯಬೇಡಿ.

ಆಡ್ ಹಾಕುವ ದಿನ ಫೋನಿನ ಹತ್ತಿರ ಯಾರಾದರೂ ಇರಲೇಬೇಕು. ರಾತ್ರಿ ಎಂಟಕ್ಕೆ ಕೇಳಿದವರಿಗೆ ಬೆಳಿಗ್ಗೆ ಹತ್ತಕ್ಕೆ ಉತ್ತರ ಕೊಟ್ಟರೆ ಅಷ್ಟರಲ್ಲಿ ಅವರು ಬೇರೆ ಕಡೆ ಕೊಂಡಿರುತ್ತಾರೆ. ಕಳಸ ಕಡೆಯವರು, ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟು, ನೆಟ್‌ವರ್ಕ್ ಇಲ್ಲದ ಜಾಗದವರು ಜೂನ್‌ನಿಂದ ಆಗಸ್ಟ್‌ವರೆಗೆ ಆಡ್ ನಿಲ್ಲಿಸಿಬಿಡುವುದೇ ಒಳ್ಳೆಯದು, ಇಲ್ಲ ಪೇಟೆಯಲ್ಲಿರುವ ನೆಂಟರ ಕೈಗೆ ಫೋನ್ ಕೊಡಿ.

ಕನ್ನಡವಾ, ಇಂಗ್ಲಿಷಾ?

ಹೋಮ್‌ಸ್ಟೇಗೆ ಎರಡೂ ಬೇಕು. ತೋಟದ ಸಾಮಾನಿಗೆ ಕನ್ನಡ ಸಾಕು. ಕಾಫಿಪುಡಿಗೆ ನಾನು ಮೊದಲು ಇಂಗ್ಲಿಷ್‌ನಲ್ಲೇ ಬರೆಯುತ್ತಿದ್ದೆ, ಅದೇ ಸರಿ ಅಂದುಕೊಂಡಿದ್ದೆ. ಕನ್ನಡಕ್ಕೆ ಬದಲಾಯಿಸಿದ ಮೇಲೆ ಮಾತಾಡಿಸುವವರು ಜಾಸ್ತಿ ಆದರು. ಕೊಳ್ಳುವುದು ಮಗ ಆದರೂ, ರುಚಿ ನೋಡಿ ಇದೇ ಇರಲಿ ಅನ್ನುವುದು ಮನೆಯಲ್ಲಿ ಅಮ್ಮ ಅಲ್ವಾ?

ಸರಿ, ಯಾವುದರ ಜೊತೆ ಯಾವುದು?

ಕಾಫಿಪುಡಿ, ಜೇನು, ಉಪ್ಪಿನಕಾಯಿ, ಹಲಸಿನ ಹಪ್ಪಳ: ವಾಟ್ಸಾಪ್ ಮೊದಲು, ಗಿರಾಕಿಗಳು ನೂರು ದಾಟಿದ ಮೇಲೆ ಇನ್‌ಸ್ಟಾಗ್ರಾಂ, ಆಮೇಲೆ ಬೇಕಾದರೆ ಚಿಕ್ಕ ಆಡ್. ಹೋಮ್‌ಸ್ಟೇ: ಗೂಗಲ್ ಮತ್ತು ಇನ್‌ಸ್ಟಾಗ್ರಾಂ ಒಟ್ಟಿಗೆ, ವಾಟ್ಸಾಪ್ ಬರೀ ಬುಕಿಂಗ್ ಮಾತುಕತೆಗೆ. ಮೆಷಿನ್, ದೋಟಿ, ನರ್ಸರಿ: ಯೂಟ್ಯೂಬ್ ಮೊದಲು, ಫೇಸ್‌ಬುಕ್ ಗ್ರೂಪು ಜೊತೆಗೆ. ಒಂದೇ ಸಲ ಮೂರಕ್ಕಿಂತ ಜಾಸ್ತಿ ಕಡೆ ಕಾಲಿಡಬೇಡಿ, ಇಬ್ಬರು ಮೂವರು ಇರುವ ವ್ಯಾಪಾರದಲ್ಲಿ ಅದನ್ನು ನಡೆಸಲು ಸಾಧ್ಯವೇ ಇಲ್ಲ. ನನಗೆ ಈಗ ದಿನಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ, ಅದರಲ್ಲಿ ಒಂದು ಗಂಟೆ ಬರೀ ಉತ್ತರ ಕೊಡುವುದಕ್ಕೇ ಹೋಗುತ್ತದೆ.

ಈ ಭಾನುವಾರ ಆಲ್ದೂರು ಕಡೆಯ ಜೇನಿನ ಹುಡುಗನ ಜೊತೆ ಕೂರಬೇಕು. ಇನ್‌ಸ್ಟಾಗ್ರಾಂ ಪೇಜು, ಲೋಗೋ ಎಲ್ಲಾ ರೆಡಿ ಮಾಡಿಟ್ಟುಕೊಂಡಿದ್ದಾನೆ. ಅವನ ಅಪ್ಪ ಇಷ್ಟು ವರ್ಷ ಜೇನು ಕೊಟ್ಟವರ ಹೆಸರು, ನಂಬರು ಒಂದು ಹಳೇ ನೋಟ್‌ಬುಕ್ಕಿನಲ್ಲಿ ಇದೆಯಂತೆ, ಸುಮಾರು ನಲವತ್ತು ಮನೆ. ಪೇಜು ಆಮೇಲೆ ನೋಡೋಣ, ಬರುವಾಗ ಆ ನೋಟ್‌ಬುಕ್ ತಗೊಂಡು ಬಾ ಅಂತ ಹೇಳಿದ್ದೇನೆ. ಮೊದಲು ಆ ನಲವತ್ತು ಮನೆಗೂ ಅವನೇ ಫೋನ್ ಮಾಡಿ, ಇಂಥವರ ಮಗ ಅಂತ ಪರಿಚಯ ಹೇಳಿ, ವಾಟ್ಸಾಪ್‌ನಲ್ಲಿ ತಿಳಿಸಬಹುದಾ ಅಂತ ಕೇಳಬೇಕು.